ಸಣ್ಣ ಟ್ರಾಕ್ಟರಿಗೆ ಹೆಚ್ಚಿನ ಹೈಡ್ರಾಲಿಕ್ ಹಿಡಿಕೆಗಳನ್ನು ಜೋಡಿಸುವ ಕ್ರಮ

(ಬರೆದವರು: ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಎಜಿ.)

ಅಡಿಕೆ, ತೆಂಗು, ದ್ರಾಕ್ಷಿ ಮುಂತಾದ ತೋಟಗಳ ಸಾಲುಗಳ ನಡುವೆ ದೊಡ್ಡ ಟ್ರಾಕ್ಟರು ಸುಗಮವಾಗಿ ಹಾಯಲಾರದೆಂಬುದೂ, ನಾಲ್ಕಾರು ಎಕರೆಗಳ ಹಿಡುವಳಿಗೆ ಅಷ್ಟು ಬಲವುಳ್ಳ ಯಂತ್ರವು ಅನಾವಶ್ಯಕವೆಂಬುದೂ ರೈತರಿಗೆ ಅನುಭವದಿಂದ ತಿಳಿದುಬಂದಿದೆ. ಆದ್ದರಿಂದ ೨೦ ರಿಂದ ೩೦ ಅಶ್ವಶಕ್ತಿಯ ಸಣ್ಣ ಟ್ರಾಕ್ಟರುಗಳು ಈಗ ಅನೇಕ ಗ್ರಾಮಗಳಲ್ಲಿ ಕಾಣಬರುತ್ತವೆ. ಇವುಗಳನ್ನು ಕೊಂಡವರು ಮೊದಲು ಕಲ್ಟಿವೇಟರು ಮತ್ತು ರೋಟವೇಟರುಗಳಿಂದ ತೃಪ್ತರಾಗಿರುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ತಿಪ್ಪೆಗೊಬ್ಬರವನ್ನೂ ಕೆರೆಯ ಗೋಡನ್ನೂ ತಾನೇ ಸುರಿಯುವ ಟ್ರೇಲರು, ಸಾಲಿನ ಕೊನೆಯಲ್ಲಿ ಮಗುಚಿಕೊಳ್ಳುವ ಪಲ್ಟಿ ನೇಗಿಲು, ಮುಂಭಾಗದಲ್ಲಿ ಮಣ್ಣನ್ನು ಮೊಗೆದು ಎತ್ತುವ ಬಕೆಟ್ಟು ಇವುಗಳನ್ನೂ ಅದೇ ಟ್ರಾಕ್ಟರಿಗೆ ಹೂಡಬೇಕೆಂಬ ಅಪೇಕ್ಷೆಯುಂಟಾಗುತ್ತದೆ. ಆಗ ಟ್ರಾಕ್ಟರಿನೊಡನೆ ಬಂದಿರುವ ಒಂದೇ ಲಿಫ್ಟಿನ ಹಿಡಿಕೆಯು ಸಾಲದೆ, ಎಣ್ಣೆಯನ್ನು ಬೇರೆ ಬೇರೆ ಉಪಕರಣಗಳಿಗೆ ಕಳುಹಿಸುವ ಹೆಚ್ಚಿನ ಹಿಡಿಕೆಗಳನ್ನು ಜೋಡಿಸಬೇಕಾಗುತ್ತದೆ.

ಈ ಕೆಲಸವು ಸರಿಯಾಗಿ ನಡೆದರೆ ಒಂದು ಯಂತ್ರವು ಮೂರು ಯಂತ್ರಗಳಂತೆ ದುಡಿಯುವುದು. ತಪ್ಪಾಗಿ ನಡೆದರೆ ಪಂಪು ಒಡೆಯುವುದು, ಗೇರಿನ ಪೆಟ್ಟಿಗೆ ಕೆಡುವುದು, ಕೆಲವು ವೇಳೆ ಮನುಷ್ಯರ ಅಂಗಗಳಿಗೂ ಪ್ರಾಣಕ್ಕೂ ಹಾನಿ ಬರುವುದು. ಸಾಲ ಮಾಡಿ ತಂದ ಟ್ರಾಕ್ಟರು ಬಿತ್ತನೆಯ ಹದದಲ್ಲಿ ಹದಿನೈದು ದಿನ ಮೂಲೆಯಲ್ಲಿ ನಿಂತರೆ ಆಗುವ ನಷ್ಟವು ಎಷ್ಟೆಂಬುದನ್ನು ಭೂಮಾಲಿಕರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಆದ್ದರಿಂದ ಈ ಜೋಡಣೆಯ ತತ್ವವನ್ನೂ, ಮೆಕ್ಯಾನಿಕ್ಕನಿಗೆ ಕೆಲಸವನ್ನು ಒಪ್ಪಿಸುವ ಮುಂಚೆ ಯಜಮಾನನು ವಿಚಾರಿಸತಕ್ಕ ವಿಷಯಗಳನ್ನೂ ಇಲ್ಲಿ ವಿವರಿಸಲಾಗಿದೆ.

೧. ಎಣ್ಣೆಯ ಬಲವು ಎಲ್ಲಿಂದ ಬರುತ್ತದೆ

ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ತತ್ವವನ್ನು ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲ್ (೧೬೨೩-೧೬೬೨) ಎಂಬ ವಿದ್ವಾಂಸನು ನಿರೂಪಿಸಿದನು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು ೧೭೯೫ ರಲ್ಲಿ ಇದೇ ತತ್ವದ ಮೇಲೆ ನಡೆಯುವ ಒತ್ತುಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಟ್ರಾಕ್ಟರಿನ ಹಿಂದುಗಡೆ ಮೂರು ತೋಳುಗಳಿಗೆ ನೇಗಿಲನ್ನು ಸಿಕ್ಕಿಸಿ, ಎಣ್ಣೆಯ ಬಲದಿಂದ ಅದನ್ನು ಎತ್ತಿ ಇಳಿಸುವ ಏರ್ಪಾಡನ್ನು ಐರ್ಲೆಂಡಿನಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯುಸನ್ (೧೮೮೪-೧೯೬೦) ಎಂಬುವರು ರೂಢಿಗೆ ತಂದರು. ಅದು ೧೯೩೬ ರಲ್ಲಿ ಫರ್ಗ್ಯುಸನ್-ಬ್ರೌನ್ ಟ್ರಾಕ್ಟರಿನಲ್ಲಿಯೂ, ೧೯೩೯ ರಲ್ಲಿ ಹೆನ್ರಿ ಫೋರ್ಡರ ಕಾರ್ಖಾನೆಯ ೯ಎನ್ ಟ್ರಾಕ್ಟರಿನಲ್ಲಿಯೂ ಬಂದಿತು. ಇಂದಿನ ಸಣ್ಣ ಟ್ರಾಕ್ಟರಿನ ಲಿಫ್ಟೂ ಅದೇ ಸಂತತಿಗೆ ಸೇರಿದ್ದು.

ಬಲದ ಲೆಕ್ಕವು ಸುಲಭವಾದುದು. ಜಾಕಿನ ಒಳವ್ಯಾಸವು ೫೦ ಮಿಲಿಮೀಟರು ಇದ್ದರೆ ಅದರೊಳಗಿನ ಬಿರಡೆಯ ಮುಖದ ವಿಸ್ತೀರ್ಣವು ಸುಮಾರು ೧೯.೬ ಚದರ ಸೆಂಟಿಮೀಟರು. ಎಣ್ಣೆಯು ಪ್ರತಿ ಚದರ ಸೆಂಟಿಮೀಟರಿಗೆ ೧೫೦ ಕಿಲೋಗ್ರಾಮಿನಂತೆ ಒತ್ತಿದರೆ ಆ ಜಾಕು ಸುಮಾರು ೨,೯೪೦ ಕಿಲೋಗ್ರಾಮಿನ ಬಲದಿಂದ ತಳ್ಳುತ್ತದೆ. ಅದೇ ಜಾಕು ಹಿಂದಕ್ಕೆ ಸೆಳೆಯುವಾಗ, ನಡುವಿನ ದಂಡವು ೨೫ ಮಿಲಿಮೀಟರು ದಪ್ಪವಾಗಿದ್ದರೆ, ಆ ದಂಡವು ಆಕ್ರಮಿಸಿಕೊಂಡ ಜಾಗದಷ್ಟು ವಿಸ್ತೀರ್ಣವು ಕಡಮೆಯಾಗಿ ಬಲವು ಕಾಲುಭಾಗ ತಗ್ಗುತ್ತದೆ. ಬಲವು ಒತ್ತಡವನ್ನೂ ಬಿರಡೆಯ ವಿಸ್ತೀರ್ಣವನ್ನೂ ಅವಲಂಬಿಸಿದೆ. ವೇಗವು ಪಂಪು ನಿಮಿಷಕ್ಕೆ ಎಷ್ಟು ಎಣ್ಣೆಯನ್ನು ಕೊಡುತ್ತದೆಂಬುದನ್ನು ಅವಲಂಬಿಸಿದೆ. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟವನು ಮಾರಾಟಗಾರರ ಮಾತಿಗೆ ಸುಲಭವಾಗಿ ಮರುಳಾಗುವುದಿಲ್ಲ.

೨. ಟ್ರಾಕ್ಟರಿನೊಳಗೆ ಎಣ್ಣೆಯ ದಾರಿ

ಕೆರೆಯ ಕೆಳಗೆ ಗದ್ದೆ ಮಾಡುವವರಿಗೆ ಈ ದಾರಿಯನ್ನು ತಿಳಿಸುವುದು ಕಷ್ಟವಲ್ಲ. ಗೇರಿನ ಪೆಟ್ಟಿಗೆಯಲ್ಲಿ ನಿಂತಿರುವ ಎಣ್ಣೆಯೇ ಕೆರೆ. ಇಂಜಿನ್ನು ತಿರುಗುತ್ತಿರುವಷ್ಟು ಹೊತ್ತೂ ಪಂಪು ಅಲ್ಲಿಂದ ಎಣ್ಣೆಯನ್ನು ಎಳೆದು ಕಾಲುವೆಗೆ ಬಿಡುತ್ತದೆ. ಯಾವ ಹಿಡಿಕೆಯನ್ನೂ ಮುಟ್ಟದಿದ್ದಾಗ ಆ ಎಣ್ಣೆಯು ಒತ್ತಡವಿಲ್ಲದೆ ಸುಮ್ಮನೆ ಹರಿದು ಪುನಃ ಕೆರೆಗೇ ಸೇರುತ್ತದೆ. ಹಿಡಿಕೆಯನ್ನು ಎಳೆದಾಗ ವಾಲ್ವು ನೀರುಗಂಟಿಯಂತೆ ಕಾಲುವೆಯನ್ನು ಕಟ್ಟಿ, ಮಡೆಯನ್ನು ತೆಗೆದು ಎಣ್ಣೆಯನ್ನು ಜಾಕಿಗೆ ತಿರುಗಿಸುತ್ತದೆ. ಜಾಕು ತುದಿಯನ್ನು ಮುಟ್ಟಿದ ಮೇಲೂ ಹಿಡಿಕೆಯನ್ನು ಬಿಡದೆ ಹಿಡಿದರೆ ಹೋಗಲು ದಾರಿಯಿಲ್ಲದ ಎಣ್ಣೆಯು ಪಂಪನ್ನಾಗಲಿ ಕೊಳವೆಯನ್ನಾಗಲಿ ಒಡೆಯಬೇಕು. ಹಾಗಾಗದಂತೆ ರಿಲೀಫ್ ವಾಲ್ವು ಎಂಬ ಕೋಡಿಯನ್ನು ಇಟ್ಟಿರುತ್ತಾರೆ. ಗೊತ್ತಾದ ಒತ್ತಡಕ್ಕೆ ಅದು ತಾನಾಗಿ ತೆರೆದು ಎಣ್ಣೆಯನ್ನು ಹೊರಹರಿಸುತ್ತದೆ.

ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮೇಲೆ ಕಲ್ಲನ್ನೂ ಮಣ್ಣನ್ನೂ ಪೇರಿಸಿದರೆ ಏರಿಯೇ ಕೊಚ್ಚಿಹೋಗುವುದೆಂಬುದನ್ನು ನಮ್ಮ ಹಿರಿಯರು ಬಲ್ಲರು. ಟ್ರೇಲರು ಏಳುವುದಿಲ್ಲವೆಂದು ರಿಲೀಫ್ ವಾಲ್ವಿನ ತಿರುಪನ್ನು ಬಿಗಿಮಾಡುವುದೂ ಇದೇ ತೆರನಾದ ಅವಿವೇಕವು. ಆ ತಿರುಪನ್ನು ಒತ್ತಡದ ಮಾಪಕವಿಲ್ಲದೆ ಯಾರೂ ಮುಟ್ಟಕೂಡದು.

ಮೇಲೆ ವಿವರಿಸಿದಂತೆ ಎಣ್ಣೆಯು ಸದಾ ಹರಿಯುತ್ತಿರುವ ಏರ್ಪಾಡಿಗೆ ಓಪನ್ ಸೆಂಟರ್ ಎಂದು ಹೆಸರು. ಸಣ್ಣ ಟ್ರಾಕ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ನಡುವೆ ದಾರಿ ಮುಚ್ಚಿರುವ ಕ್ಲೋಸ್ಡ್ ಸೆಂಟರ್ ಎಂಬ ಮತ್ತೊಂದು ವಿಧದ ವಾಲ್ವು ಅಗ್ಗವಾಗಿ ದೊರೆಯಿತೆಂದು ತಂದು ಇಂತಹ ಟ್ರಾಕ್ಟರಿಗೆ ಹಾಕಿದರೆ, ಎಣ್ಣೆಯು ಹಗಲೆಲ್ಲಾ ಕೋಡಿಯ ಮೇಲೆಯೇ ಹರಿದು ಕುದಿಯುವಷ್ಟು ಬಿಸಿಯಾಗಿ ಪಂಪು ಬೇಗನೆ ಹಾಳಾಗುತ್ತದೆ. ಆದ್ದರಿಂದ ಕೊಳ್ಳುವ ವಾಲ್ವು ತನ್ನ ಟ್ರಾಕ್ಟರಿನ ಏರ್ಪಾಡಿಗೆ ಒಪ್ಪುವುದೆಂದು ಮೊದಲು ಖಾತ್ರಿಮಾಡಿಕೊಳ್ಳತಕ್ಕದ್ದು.

೩. ಯಾವ ಉಪಕರಣಕ್ಕೆ ಯಾವ ಹಿಡಿಕೆ

ಸುರಿಯುವ ಟ್ರೇಲರಿನ ಜಾಕನ್ನು ಎಣ್ಣೆಯು ಎತ್ತುತ್ತದೆ. ಇಳಿಯುವಾಗ ತೊಟ್ಟಿಯ ಭಾರವೇ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಇದಕ್ಕೆ ಒಂದೇ ಕೊಳವೆಯ, ಒಂದೇ ಕಡೆ ಕೆಲಸಮಾಡುವ ಹಿಡಿಕೆ ಸಾಕು. ಪಲ್ಟಿ ನೇಗಿಲನ್ನು ಮಗುಚುವ ಜಾಕಿಗೂ ಮುಂಭಾಗದ ಬಕೆಟ್ಟಿನ ಜಾಕುಗಳಿಗೂ ತಳ್ಳುವ ಮತ್ತು ಸೆಳೆಯುವ ಎರಡು ಕಡೆಯ ಬಲವೂ ಬೇಕಾದುದರಿಂದ ಎರಡು ಕೊಳವೆಗಳ ಹಿಡಿಕೆಯು ಅವಶ್ಯಕ. ಪಲ್ಟಿ ನೇಗಿಲುಗಳಲ್ಲಿ ಕೆಲವು ಒಂದೇ ಕೊಳವೆಯಿಂದಲೂ ಕೆಲಸಮಾಡುವುದುಂಟು. ಆದ್ದರಿಂದ ನೇಗಿಲನ್ನು ನೋಡಿಯೇ ಹಿಡಿಕೆಯನ್ನು ಗೊತ್ತುಮಾಡಬೇಕು.

ಬಕೆಟ್ಟಿನಿಂದ ನೆಲವನ್ನು ಸವರುವಾಗ ಅದು ಏರುತಗ್ಗುಗಳಿಗೆ ಅನುಸಾರವಾಗಿ ತಾನೇ ಏರಿಳಿಯಬೇಕಾಗುತ್ತದೆ. ಅದಕ್ಕಾಗಿ ಫ್ಲೋಟ್ ಎಂಬ ನಾಲ್ಕನೆಯ ಸ್ಥಾನವುಳ್ಳ ಹಿಡಿಕೆಯು ದೊರೆಯುತ್ತದೆ. ಆ ಸ್ಥಾನದಲ್ಲಿ ಜಾಕಿನ ಎರಡು ಕಡೆಯ ಎಣ್ಣೆಯೂ ಬಿಡುವಾಗಿ ಓಡಾಡುತ್ತದೆ. ಎತ್ತಿ ಇಳಿಸುವ ಕೆಲಸಗಳಿಗೆ, ಕೈಬಿಟ್ಟೊಡನೆ ನಡುಸ್ಥಾನಕ್ಕೆ ತಾನೇ ಮರಳುವ ಹಿಡಿಕೆಯೇ ಕ್ಷೇಮಕರವು. ಎಳೆದ ಸ್ಥಾನದಲ್ಲಿಯೇ ನಿಲ್ಲುವ ಹಿಡಿಕೆಯನ್ನು ಎಣ್ಣೆಯಿಂದ ಸದಾ ತಿರುಗುವ ಮೋಟಾರುಗಳಿಗೆ ಮಾತ್ರ ಉಪಯೋಗಿಸಬೇಕು. ಟ್ರೇಲರಿಗೆ ಅಂತಹ ಹಿಡಿಕೆಯನ್ನು ಹಾಕಿದರೆ, ಚಾಲಕನು ಮರೆತು ಇಳಿದುಹೋದಾಗ ತೊಟ್ಟಿಯು ಏರುತ್ತಲೇ ಇರುವುದು.

೪. ಎಣ್ಣೆಯನ್ನು ಎಲ್ಲಿಂದ ತೆಗೆಯಬೇಕು

ಇದೇ ಈ ವಿಷಯದ ತಿರುಳು. ಇದಕ್ಕೆ ಮೂರು ಯೋಗ್ಯವಾದ ಕ್ರಮಗಳಿವೆ.

ಮೊದಲನೆಯದು, ಲಿಫ್ಟಿನ ಎಣ್ಣೆಯನ್ನೇ ಎರವಲು ಪಡೆಯುವುದು. ಎಷ್ಟೋ ಟ್ರಾಕ್ಟರುಗಳಲ್ಲಿ ಲಿಫ್ಟಿನ ಮುಚ್ಚಳದ ಬಳಿ ತಯಾರಕರೇ ಒಂದು ಬಿರಡೆ ಹಾಕಿದ ರಂಧ್ರವನ್ನು ಬಿಟ್ಟಿರುತ್ತಾರೆ. ಅಲ್ಲಿಗೆ ಕೊಳವೆಯನ್ನು ಸೇರಿಸಿದರೆ ಲಿಫ್ಟಿನ ಹಿಡಿಕೆಯಿಂದಲೇ ಟ್ರೇಲರನ್ನು ಎತ್ತಬಹುದು. ಖರ್ಚು ಕಡಮೆ. ಆದರೆ ಒಂದು ಕಡೆಯ ಕೆಲಸ ಮಾತ್ರವೇ ಸಾಧ್ಯ. ಟ್ರೇಲರಿನ ಕೆಲಸ ನಡೆಯುತ್ತಿರುವಾಗ ಲಿಫ್ಟನ್ನು ಬೇರೆಯಾಗಿ ಉಪಯೋಗಿಸಲಾಗುವುದಿಲ್ಲ. ಟ್ರೇಲರೊಂದೇ ಸಾಕೆನ್ನುವವರು ಇದಕ್ಕಿಂತ ಹೆಚ್ಚು ಖರ್ಚು ಮಾಡಬೇಕಾದುದಿಲ್ಲ.

ಎರಡನೆಯದು, ಪಂಪಿಗೂ ಲಿಫ್ಟಿಗೂ ನಡುವೆ ಹೊಸ ವಾಲ್ವನ್ನು ಕೂಡಿಸುವುದು. ಒಂದಕ್ಕಿಂತ ಹೆಚ್ಚು ಉಪಕರಣಗಳನ್ನು ಇಟ್ಟುಕೊಂಡವರಿಗೆ ಇದೇ ಸರಿಯಾದ ಮಾರ್ಗ. ಇಲ್ಲಿ ವಾಲ್ವಿಗೆ ಮೂರು ದಾರಿಗಳು ಅವಶ್ಯಕವೆಂಬುದನ್ನು ಮನದಟ್ಟು ಮಾಡಿಕೊಳ್ಳಬೇಕು. ಪಂಪಿನಿಂದ ಎಣ್ಣೆಯು ಒಳಕ್ಕೆ ಬರುವ ದಾರಿ ಒಂದು. ಹಿಡಿಕೆಗಳು ಸುಮ್ಮನಿರುವಾಗ ಎಣ್ಣೆಯು ಮುಂದಕ್ಕೆ ಲಿಫ್ಟಿಗೆ ಹೋಗುವ ದಾರಿ ಎರಡನೆಯದು. ಅಂಗಡಿಗಳಲ್ಲಿ ಇದನ್ನು ಪವರ್ ಬಿಯಾಂಡ್ ಎಂದು ಕರೆಯುತ್ತಾರೆ. ಜಾಕುಗಳಿಂದ ಹಿಂದಿರುಗುವ ಎಣ್ಣೆಯು ನೇರವಾಗಿ ಗೇರಿನ ಪೆಟ್ಟಿಗೆಗೆ ಸೇರುವ ದಾರಿ ಮೂರನೆಯದು.

ಮೂರನೆಯ ಕೊಳವೆಯ ಖರ್ಚನ್ನು ಉಳಿಸುವುದಕ್ಕಾಗಿ, ಪವರ್ ಬಿಯಾಂಡ್ ಇಲ್ಲದ ಸಾಧಾರಣ ವಾಲ್ವಿನ ಹಿಂದಿರುಗುವ ದಾರಿಯನ್ನೇ ಲಿಫ್ಟಿಗೆ ಸೇರಿಸಿಬಿಡುವ ಪದ್ಧತಿಯು ಕೆಲವು ಕಡೆ ಕಾಣಬರುತ್ತದೆ. ಮೊದಲು ಎಲ್ಲವೂ ಸರಿಯಾಗಿಯೇ ನಡೆಯುವಂತೆ ತೋರುವುದು. ಆದರೆ ಲಿಫ್ಟು ಭಾರವನ್ನು ಎತ್ತುವಾಗಲೆಲ್ಲಾ ಪೂರ್ಣ ಒತ್ತಡವು ಆ ವಾಲ್ವಿನ ಹಿಂದಿರುಗುವ ಕೋಣೆಯ ಮೇಲೆ ಬೀಳುತ್ತದೆ. ಆ ಕೋಣೆಯೂ ಅದರ ತುದಿಯ ರಬ್ಬರು ಉಂಗುರಗಳೂ ಅಷ್ಟು ಒತ್ತಡಕ್ಕೆ ಮಾಡಿದವುಗಳಲ್ಲ. ಉಂಗುರಗಳು ಹೊರಕ್ಕೆ ಹಾರುತ್ತವೆ, ಇಲ್ಲವೆ ವಾಲ್ವಿನ ಎರಕದ ಮೈಯೇ ಬಿರಿಯುತ್ತದೆ. ನಾಲೆಯ ಬಸಿಗಾಲುವೆಗೆ ತುಂಬು ಪ್ರವಾಹವನ್ನು ತಿರುಗಿಸಿದಂತೆ ಇದರ ಪರಿಣಾಮವಾಗುತ್ತದೆ.

ಇನ್ನೊಂದು ಸಂಗತಿಯೂ ಮುಖ್ಯವಾದುದು. ಕೆಲವು ಟ್ರಾಕ್ಟರುಗಳಲ್ಲಿ ಮೂಲದ ರಿಲೀಫ್ ವಾಲ್ವು ಲಿಫ್ಟಿನ ಮುಚ್ಚಳದೊಳಗೆ ಇರುತ್ತದೆ. ಹೊಸ ವಾಲ್ವು ಅದಕ್ಕಿಂತ ಮೊದಲು ಕುಳಿತಾಗ, ಹೊಸ ಹಿಡಿಕೆಯನ್ನು ಎಳೆದೊಡನೆ ಮುಂದಿನ ದಾರಿಯು ಮುಚ್ಚಿ, ಪಂಪಿಗೆ ಕೋಡಿಯೇ ಇಲ್ಲದಂತಾಗುತ್ತದೆ. ಆದ್ದರಿಂದ ಹೊಸ ವಾಲ್ವಿನಲ್ಲಿಯೇ ಅದರದೇ ಆದ ರಿಲೀಫ್ ವಾಲ್ವು ಇರಲೇಬೇಕು. ಅದರ ಒತ್ತಡವು ಟ್ರಾಕ್ಟರಿನ ಪುಸ್ತಕದಲ್ಲಿ ಹೇಳಿರುವ ಒತ್ತಡವನ್ನು ಮೀರಕೂಡದು.

ಮೂರನೆಯ ಕ್ರಮವು, ಟ್ರಾಕ್ಟರಿನ ಹಿಂಬದಿಯ ತಿರುಗುವ ದಂಡಕ್ಕೆ ಪ್ರತ್ಯೇಕವಾದ ಪಂಪನ್ನು ಸಿಕ್ಕಿಸಿ, ಪ್ರತ್ಯೇಕವಾದ ಎಣ್ಣೆಯ ತೊಟ್ಟಿಯನ್ನು ಇಡುವುದು. ಇದರಲ್ಲಿ ಟ್ರಾಕ್ಟರಿನ ಎಣ್ಣೆಯು ಕಲುಷಿತವಾಗುವುದಿಲ್ಲ. ಹೆಚ್ಚು ಎಣ್ಣೆಯೂ ದೊರೆಯುತ್ತದೆ. ಖರ್ಚೂ ಭಾರವೂ ಅಧಿಕವಾಗುವುದರಿಂದ ಹೆಚ್ಚು ಕೆಲಸವುಳ್ಳವರಿಗೆ ಮಾತ್ರ ಇದು ಯೋಗ್ಯ.

ಪವರ್ ಸ್ಟೀರಿಂಗಿಗೆ ಹೋಗುವ ಕೊಳವೆಯಿಂದ ಎಣ್ಣೆಯನ್ನು ಕದಿಯುವುದು ಮಾತ್ರ ಎಂದಿಗೂ ಕೂಡದು. ರಸ್ತೆಯ ತಿರುವಿನಲ್ಲಿ ಚಕ್ರವು ತಿರುಗದೆ ನಿಂತರೆ ಅದರ ಫಲವನ್ನು ಊಹಿಸಿಕೊಳ್ಳಬಹುದು.

೫. ಕೊಳ್ಳುವ ಮುಂಚೆ ಮಾಡತಕ್ಕ ಲೆಕ್ಕ

ಒಂದು ಸಣ್ಣ ಟ್ರಾಕ್ಟರಿನ ಪಂಪು ನಿಮಿಷಕ್ಕೆ ೧೮ ಲೀಟರು ಎಣ್ಣೆಯನ್ನು ಕೊಡುತ್ತದೆಂದು ಇಟ್ಟುಕೊಳ್ಳೋಣ. ಟ್ರೇಲರಿನ ಜಾಕು ೧೦೦ ಮಿಲಿಮೀಟರು ವ್ಯಾಸದ್ದಾಗಿ ೬೦ ಸೆಂಟಿಮೀಟರು ಉದ್ದಕ್ಕೆ ಚಾಚಿದರೆ ಅದಕ್ಕೆ ಸುಮಾರು ೪.೭ ಲೀಟರು ಎಣ್ಣೆ ಹಿಡಿಯುತ್ತದೆ. ತೊಟ್ಟಿಯು ಏಳಲು ಸುಮಾರು ೧೬ ಸೆಕೆಂಡು ಬೇಕಾಗುತ್ತದೆ. ಇದು ತಕ್ಕ ವೇಗವೇ. ಪಲ್ಟಿ ನೇಗಿಲಿನ ಜಾಕು ೫೦ ಮಿಲಿಮೀಟರು ವ್ಯಾಸ, ೨೦ ಸೆಂಟಿಮೀಟರು ಉದ್ದವಿದ್ದರೆ ಅದಕ್ಕೆ ಹಿಡಿಯುವುದು ಸುಮಾರು ೦.೪ ಲೀಟರು ಮಾತ್ರ. ಅದು ಒಂದೂಕಾಲು ಸೆಕೆಂಡಿನಲ್ಲಿ ಮಗುಚಿಕೊಳ್ಳುವುದು. ಅಷ್ಟು ರಭಸವು ಟ್ರಾಕ್ಟರನ್ನೇ ಅಲುಗಿಸುವುದರಿಂದ, ಎಣ್ಣೆಯ ಹರಿವನ್ನು ಕುಗ್ಗಿಸುವ ಕಿರಿದಾದ ರಂಧ್ರದ ತುಂಡೊಂದನ್ನು ಕೊಳವೆಯಲ್ಲಿ ಹಾಕಿಸಬೇಕು.

ಮೇಲಣ ಲೆಕ್ಕದಿಂದ ಮತ್ತೊಂದು ಅಪಾಯವೂ ತಿಳಿದುಬರುತ್ತದೆ. ಟ್ರೇಲರು ಎದ್ದಾಗ ೪.೭ ಲೀಟರು ಎಣ್ಣೆಯು ಗೇರಿನ ಪೆಟ್ಟಿಗೆಯಿಂದ ಹೊರಗೆ ಹೋಗಿರುತ್ತದೆ. ಸಣ್ಣ ಟ್ರಾಕ್ಟರಿನ ಪೆಟ್ಟಿಗೆಯಲ್ಲಿ ಇರುವ ಎಣ್ಣೆಯೇ ಸ್ವಲ್ಪ. ಅಳತೆಯ ಕಡ್ಡಿಯ ಕೆಳಗಿನ ಗೆರೆಗಿಂತ ಎಣ್ಣೆ ತಗ್ಗಿದರೆ ಪಂಪು ಗಾಳಿಯನ್ನು ಎಳೆಯುತ್ತದೆ, ಗೇರುಗಳು ಎಣ್ಣೆಯಿಲ್ಲದೆ ಸವೆಯುತ್ತವೆ. ಎಷ್ಟು ಎಣ್ಣೆಯನ್ನು ಹೊರಗೆ ಕಳುಹಿಸಬಹುದೆಂಬುದನ್ನು ಟ್ರಾಕ್ಟರಿನ ಪುಸ್ತಕದಿಂದ ತಿಳಿದು, ಜಾಕಿನ ಎಣ್ಣೆಯು ಆ ಮಿತಿಯೊಳಗೆ ಇರುವಂತೆ ನೋಡಿಕೊಳ್ಳತಕ್ಕದ್ದು. ಜಾಕನ್ನು ಚಾಚಿಟ್ಟು ಎಣ್ಣೆಯನ್ನು ಮೇಲಿನ ಗೆರೆಯವರೆಗೆ ತುಂಬಿದರೆ, ಜಾಕು ಇಳಿದಾಗ ಅದು ಉಕ್ಕಿ ಹೊರಬರುವುದೆಂಬುದನ್ನೂ ಮರೆಯಬಾರದು.

ಎಣ್ಣೆಯ ಮೂಲಕ ದೊರೆಯುವ ಶಕ್ತಿಗೂ ಮಿತಿಯುಂಟು. ನಿಮಿಷಕ್ಕೆ ೧೮ ಲೀಟರು ಎಣ್ಣೆಯು ೧೫೦ ಕಿಲೋಗ್ರಾಮಿನ ಒತ್ತಡದಲ್ಲಿ ಹರಿದರೆ ಅದರಿಂದ ಬರುವ ಶಕ್ತಿಯು ಸುಮಾರು ೪.೫ ಕಿಲೋವಾಟು, ಎಂದರೆ ಆರು ಅಶ್ವಶಕ್ತಿ. ಇಂಜಿನ್ನು ೨೪ ಅಶ್ವಶಕ್ತಿಯದಾದರೂ ಈ ದಾರಿಯಲ್ಲಿ ಅದರ ಕಾಲುಭಾಗಕ್ಕಿಂತ ಹೆಚ್ಚು ಬರುವುದಿಲ್ಲ. ಆದುದರಿಂದ ಎತ್ತುವುದು, ಇಳಿಸುವುದು, ಮಗುಚುವುದು ಇಂತಹ ಕ್ಷಣಕಾಲದ ಕೆಲಸಗಳನ್ನು ಎಣ್ಣೆಗೆ ಒಪ್ಪಿಸಿ, ಹೊತ್ತೆಲ್ಲಾ ತಿರುಗಬೇಕಾದ ಕೆಲಸಗಳನ್ನು ಹಿಂಬದಿಯ ತಿರುಗುವ ದಂಡಕ್ಕೆ ಬಿಡುವುದು ಉತ್ತಮ. ಎಣ್ಣೆಯ ಮೋಟಾರನ್ನು ಗಂಟೆಗಟ್ಟಲೆ ನಡೆಸಿದರೆ ಸಣ್ಣ ಪೆಟ್ಟಿಗೆಯ ಎಣ್ಣೆಯು ಕಾದು ನೀರಾಗುತ್ತದೆ.

೬. ಜೋಡಿಸುವ ಕ್ರಮ

ತಯಾರಕರು ತಮ್ಮ ಟ್ರಾಕ್ಟರಿಗೆಂದೇ ಹೆಚ್ಚಿನ ಹಿಡಿಕೆಯ ಸಲಕರಣೆಯನ್ನು ಮಾರುತ್ತಿದ್ದರೆ ಅದನ್ನೇ ಕೊಳ್ಳುವುದು ಲೇಸು. ಬೇರೆಯವರ ಸಲಕರಣೆಯನ್ನು ಹಾಕಿಸುವುದಾದರೆ ವಾರಂಟಿಗೆ ಬಾಧೆ ಬರುವುದೇ ಎಂದು ಮಾರಾಟಗಾರರಿಂದ ಬರವಣಿಗೆಯ ಮೂಲಕ ತಿಳಿದುಕೊಳ್ಳತಕ್ಕದ್ದು. ಬಾಯಿಮಾತು ಸಾಲದು.

ಕೆಲಸಕ್ಕೆ ಮೊದಲು ಟ್ರಾಕ್ಟರನ್ನು ತೊಳೆದು ಒಣಗಿಸಬೇಕು. ಹೈಡ್ರಾಲಿಕ್ಕಿಗೆ ಧೂಳಿನಷ್ಟು ದೊಡ್ಡ ಶತ್ರುವಿಲ್ಲ. ವಾಲ್ವಿನ ಒಳಗಣ ದಂಡಕ್ಕೂ ಅದರ ಗೂಡಿಗೂ ನಡುವೆ ಇರುವ ಸಂದು ಕೂದಲೆಳೆಗಿಂತ ಸಣ್ಣದು. ಒಂದು ಮರಳಿನ ಕಣವು ಸಾಕು, ಅಲ್ಲಿ ಗೀರು ಬೀಳುವುದಕ್ಕೆ. ಗೀರು ಬಿದ್ದ ವಾಲ್ವಿನಿಂದ ಎಣ್ಣೆಯು ಒಳಗೊಳಗೇ ಸೋರಿ, ಎತ್ತಿದ ಭಾರವು ತಾನೇ ಮೆಲ್ಲನೆ ಇಳಿಯತೊಡಗುತ್ತದೆ. ಬಿಚ್ಚಿದ ಪ್ರತಿಯೊಂದು ಬಾಯಿಗೂ ಕೂಡಲೇ ಶುದ್ಧವಾದ ಮುಚ್ಚಳವನ್ನು ಹಾಕತಕ್ಕದ್ದು. ಹಳೆಯ ಬಟ್ಟೆಯ ಚಿಂದಿಯನ್ನು ತುರುಕಕೂಡದು. ಅದರ ದಾರಗಳು ಒಳಗೆ ಉಳಿಯುತ್ತವೆ. ನಲ್ಲಿಯ ಕೆಲಸದಲ್ಲಿ ಸುತ್ತುವ ಬಿಳಿಯ ಟೇಪನ್ನು ಇಲ್ಲಿ ಉಪಯೋಗಿಸಬಾರದು. ಅದರ ಚೂರುಗಳು ವಾಲ್ವಿನಲ್ಲಿ ಸಿಕ್ಕಿಕೊಂಡು ಹಿಡಿಕೆಯನ್ನು ತಡೆಯುತ್ತವೆ. ಸೇರಿಸುವ ಎರಡು ತುಂಡುಗಳ ಮರೆಗಳು ಒಂದೇ ಜಾತಿಯವಾಗಿರಬೇಕು. ಹೊಂದದ ಮರೆಗಳನ್ನು ಬಲಾತ್ಕಾರದಿಂದ ಬಿಗಿದರೆ ಒತ್ತಡ ಬಿದ್ದಾಗ ಕಿತ್ತುಹೋಗುತ್ತವೆ.

ಒತ್ತಡದ ಕೊಳವೆಗಳು ಒಳಗೆ ತಂತಿಯ ಹೆಣಿಗೆಯುಳ್ಳ ಹೈಡ್ರಾಲಿಕ್ ಕೊಳವೆಗಳೇ ಆಗಿರಬೇಕು. ಕೊಳವೆಯ ಮೇಲೆ ಮುದ್ರಿಸಿರುವ ಒತ್ತಡವು ಟ್ರಾಕ್ಟರಿನ ಒತ್ತಡಕ್ಕಿಂತ ಹೆಚ್ಚಾಗಿರಬೇಕು. ನೀರಿನ ಅಥವಾ ಔಷಧಿ ಸಿಂಪಡಿಸುವ ಕೊಳವೆಗಳು ನಿಷಿದ್ಧ. ಕೊಳವೆಗಳು ಸೈಲೆನ್ಸರಿಗೂ ತಿರುಗುವ ಭಾಗಗಳಿಗೂ ತಗುಲದಂತೆಯೂ, ಚಕ್ರ ತಿರುಗಿದಾಗ ಎಳೆಯಲ್ಪಡದಂತೆಯೂ, ಚಾಲಕನ ತೊಡೆಯ ಹತ್ತಿರ ಹಾಯದಂತೆಯೂ ಅವುಗಳನ್ನು ಕಟ್ಟಬೇಕು. ಹಿಡಿಕೆಯು ಆಸನದಲ್ಲಿ ಕುಳಿತೇ ಕೈಗೆ ಸಿಗಬೇಕು. ಟ್ರಾಕ್ಟರಿಗೂ ಟ್ರೇಲರಿಗೂ ನಡುವೆ ನಿಂತು ಎಳೆಯುವಂತೆ ಅದನ್ನು ಇಡುವುದು ಮಹಾಪರಾಧ. ಯಾವ ಹಿಡಿಕೆಯು ಯಾವುದನ್ನು ಎತ್ತುತ್ತದೆಂಬುದನ್ನು ಬಣ್ಣದಿಂದ ಗುರುತಿಸತಕ್ಕದ್ದು.

ಎಲ್ಲವನ್ನೂ ಬಿಗಿದ ಮೇಲೆ ಪುಸ್ತಕದಲ್ಲಿ ಹೇಳಿದ ಜಾತಿಯ ಎಣ್ಣೆಯನ್ನೇ ತುಂಬಿ, ಇಂಜಿನ್ನನ್ನು ನಿಧಾನವಾಗಿ ನಡೆಸಿ, ಭಾರವಿಲ್ಲದ ಜಾಕನ್ನು ಹತ್ತಾರು ಬಾರಿ ಚಾಚಿ ಸೆಳೆಯಬೇಕು. ಇದರಿಂದ ಕೊಳವೆಯೊಳಗಿನ ಗಾಳಿಯು ಹೊರಡುತ್ತದೆ. ಬಳಿಕ ಎಣ್ಣೆಯ ಮಟ್ಟವನ್ನು ಪುನಃ ನೋಡಬೇಕು. ಎಣ್ಣೆಯು ನೊರೆಯಾಗಿದ್ದರೆ ಗಾಳಿ ಸೇರಿದೆಯೆಂದೂ, ಹಾಲಿನಂತಾಗಿದ್ದರೆ ನೀರು ಸೇರಿದೆಯೆಂದೂ ತಿಳಿಯಬೇಕು. ಕೊನೆಯಲ್ಲಿ ಮಾಪಕವನ್ನು ಹಾಕಿ ರಿಲೀಫ್ ವಾಲ್ವು ಗೊತ್ತಾದ ಒತ್ತಡಕ್ಕೆ ತೆರೆಯುವುದೆಂದು ಯಜಮಾನನು ತನ್ನ ಕಣ್ಣಿನಿಂದಲೇ ನೋಡಿದ ಮೇಲೆ ಹಣವನ್ನು ಕೊಡತಕ್ಕದ್ದು. ಹೊಸ ಜೋಡಣೆಯಾದ ಮೇಲೆ ಎಣ್ಣೆಯ ಶೋಧಕವನ್ನು ವಾಡಿಕೆಯ ಅವಧಿಗಿಂತ ಮುಂಚಿತವಾಗಿಯೇ ಬದಲಾಯಿಸುವುದು ಕ್ಷೇಮ.

೭. ಪ್ರಾಣಕ್ಕೆ ಸಂಬಂಧಪಟ್ಟ ಎಚ್ಚರಿಕೆಗಳು

ಇಲ್ಲಿ ಈ ಲೇಖಕನು ತಾನು ಕಂಡ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಸಂಚಾರದಲ್ಲಿದ್ದಾಗ ಒಂದು ಗ್ರಾಮದಲ್ಲಿ ಹೊಸದಾಗಿ ಟ್ರೇಲರಿಗೆ ಜೋಡಿಸಿದ ಕೊಳವೆಯೊಂದು ಒದ್ದೆಯಾಗಿದ್ದುದನ್ನು ನೋಡಿದೆನು. ಬೇರೆ ಕೆಲಸದ ಮೇಲೆ ಬಂದಿದ್ದ ಕಾರಣ, ಹೇಳಿದರಾಯಿತೆಂದು ಸುಮ್ಮನೆ ಹೊರಟುಬಂದೆನು. ಎರಡು ದಿನಗಳ ಮೇಲೆ ಚಾಲಕನು ಎಣ್ಣೆ ಎಲ್ಲಿಂದ ಸೋರುತ್ತಿದೆಯೆಂದು ನೋಡಲು ಆ ಕೊಳವೆಯ ಉದ್ದಕ್ಕೂ ಬೆರಳನ್ನು ಸವರಿದನು. ಮುಳ್ಳು ಚುಚ್ಚಿದಂತೆ ಆಯಿತಂತೆ. ರಕ್ತವೂ ಸರಿಯಾಗಿ ಬರಲಿಲ್ಲ. ಅರಿಸಿನವನ್ನು ಹಚ್ಚಿಕೊಂಡು ಕೆಲಸವನ್ನು ಮುಂದುವರಿಸಿದನು. ಮೂರನೆಯ ದಿನ ಕೈ ಊದಿ ಕಪ್ಪಾದ ಮೇಲೆ ಆಸ್ಪತ್ರೆಗೆ ಕರೆದೊಯ್ದರು. ತೋರುಬೆರಳನ್ನು ಕತ್ತರಿಸಬೇಕಾಯಿತು. ಆತನಿಗೆ ಆಗ ಇಪ್ಪತ್ತೆರಡು ವರ್ಷ. ಆ ದಿನ ಎರಡು ನಿಮಿಷ ನಿಂತು ಹೇಳಿದ್ದರೆ ಆ ಬೆರಳು ಉಳಿಯುತ್ತಿತ್ತೆಂಬ ವ್ಯಥೆಯು ಈ ಲೇಖಕನನ್ನು ಬಿಟ್ಟಿಲ್ಲ. ಈ ಲೇಖನವನ್ನು ಬರೆಯುವುದಕ್ಕೆ ಅದೂ ಒಂದು ಕಾರಣವು.

ಸೂಜಿಯ ಮೊನೆಯಷ್ಟು ರಂಧ್ರದಿಂದ ಹೊರಡುವ ಒತ್ತಡದ ಎಣ್ಣೆಯು ಚರ್ಮವನ್ನು ಭೇದಿಸಿ ಮಾಂಸದೊಳಗೆ ಹರಡಿ ವಿಷದಂತೆ ಕೆಲಸಮಾಡುತ್ತದೆ. ಹೊರಗೆ ಕಾಣುವ ಗಾಯವು ಅತ್ಯಲ್ಪ. ನೋವು ಮೊದಲು ಕಡಮೆಯಾಗಿಯೇ ಇರುತ್ತದೆ. ಇದೇ ಜನರನ್ನು ಮೋಸಗೊಳಿಸುವುದು. ಹೀಗಾದವನನ್ನು ಗಂಟೆಗಳ ಲೆಕ್ಕದಲ್ಲಿ, ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆಗೆ ಸಾಗಿಸಿ, ಹೈಡ್ರಾಲಿಕ್ ಎಣ್ಣೆ ಒಳಗೆ ಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ಮನೆಮದ್ದು ಮಾಡುತ್ತಾ ಕಾಲವನ್ನು ಕಳೆಯಕೂಡದು. ಸೋರಿಕೆಯನ್ನು ಹುಡುಕುವಾಗ ದಪ್ಪ ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಬೇಕೇ ಹೊರತು ಕೈಯಿಂದ ಮುಟ್ಟಬಾರದು.

ಕಪ್ಲಿಂಗನ್ನು ಬಿಚ್ಚುವ ಮುಂಚೆ ಉಪಕರಣವನ್ನು ನೆಲಕ್ಕೆ ಇಳಿಸಿ, ಇಂಜಿನ್ನನ್ನು ನಿಲ್ಲಿಸಿ, ಹಿಡಿಕೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ಒಳಗಿನ ಒತ್ತಡವನ್ನು ಕಳೆಯತಕ್ಕದ್ದು. ಎತ್ತಿದ ತೊಟ್ಟಿಯ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬಾರದು. ಹಾಕಲೇಬೇಕಾದ ದುರಸ್ತಿಯಿದ್ದರೆ ತೊಟ್ಟಿಯನ್ನು ಬರಿದುಮಾಡಿ ಬಲವಾದ ಕಬ್ಬಿಣದ ಊರೆಯನ್ನು ಕೊಟ್ಟ ಮೇಲೆಯೇ ಮಾಡಬೇಕು. ಎಣ್ಣೆಯನ್ನು ನಂಬಿ ಭಾರದ ಕೆಳಗೆ ನಿಲ್ಲುವುದು ಹಗ್ಗವಿಲ್ಲದೆ ಬಾವಿಗೆ ಇಳಿದಂತೆ. ತೊಟ್ಟಿಯನ್ನು ಎತ್ತುವ ಮುಂಚೆ ತಲೆಯ ಮೇಲೆ ವಿದ್ಯುತ್ತಿನ ತಂತಿಗಳಿವೆಯೇ ಎಂದು ನೋಡಬೇಕು. ಇಳಿಜಾರಿನಲ್ಲಿಯೂ ಮೆತ್ತನೆಯ ನೆಲದಲ್ಲಿಯೂ ಎತ್ತಿದರೆ ಟ್ರೇಲರು ಮಗ್ಗುಲಿಗೆ ಉರುಳುತ್ತದೆ. ಮುಂಭಾಗದಲ್ಲಿ ಬಕೆಟ್ಟು ಕಟ್ಟಿದ ಸಣ್ಣ ಟ್ರಾಕ್ಟರಿನ ಹಿಂದುಗಡೆ ತಕ್ಕಷ್ಟು ಪ್ರತಿಭಾರವನ್ನು ಹಾಕದಿದ್ದರೆ ಹಿಂದಿನ ಚಕ್ರಗಳು ನೆಲದ ಹಿಡಿತವನ್ನು ಕಳೆದುಕೊಳ್ಳುತ್ತವೆ. ತುಂಬಿದ ಬಕೆಟ್ಟನ್ನು ಎತ್ತರದಲ್ಲಿ ಹಿಡಿದು ಓಡಿಸುವುದು ಸಲ್ಲದು.

೮. ಗ್ರಾಮದ ಯಜಮಾನರ ಹೊಣೆ

ಒಂದು ಗ್ರಾಮದಲ್ಲಿ ನಾಲ್ಕಾರು ಟ್ರಾಕ್ಟರುಗಳಿದ್ದರೆ, ಟ್ರೇಲರನ್ನಾಗಲಿ ನೇಗಿಲನ್ನಾಗಲಿ ಒಬ್ಬರಿಂದೊಬ್ಬರು ಎರವಲು ಪಡೆಯುವುದು ವಾಡಿಕೆ. ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೆ ತರುವುದೂ ಉಂಟು. ಆಗ ಒಬ್ಬನ ಟ್ರಾಕ್ಟರಿನ ಎಣ್ಣೆಯು ಜಾಕಿನಲ್ಲಿ ಉಳಿದು ಮತ್ತೊಬ್ಬನ ಗೇರಿನ ಪೆಟ್ಟಿಗೆಯನ್ನು ಸೇರುತ್ತದೆ. ಒಬ್ಬನು ಅಲಕ್ಷ್ಯದಿಂದ ಕೆಡಿಸಿದ ಎಣ್ಣೆಯ ಮಣ್ಣನ್ನು ಊರಿನವರೆಲ್ಲಾ ಹಂಚಿಕೊಂಡಂತಾಗುತ್ತದೆ. ಇದನ್ನು ತಪ್ಪಿಸುವುದಕ್ಕೆ ಗ್ರಾಮದ ಯಜಮಾನರು ಟ್ರಾಕ್ಟರಿನ ಮಾಲಿಕರನ್ನು ಒಂದೆಡೆ ಸೇರಿಸಿ ಮೂರು ವಿಷಯಗಳನ್ನು ಗೊತ್ತುಮಾಡಬಹುದು. ಎಲ್ಲರೂ ಒಂದೇ ಅಳತೆಯ, ಒಂದೇ ಜಾತಿಯ ಕಪ್ಲಿಂಗುಗಳನ್ನು ಹಾಕಿಸುವುದು. ಟ್ರಾಕ್ಟರಿನ ಪುಸ್ತಕಗಳು ಒಪ್ಪುವಷ್ಟು ಮಟ್ಟಿಗೆ ಒಂದೇ ಜಾತಿಯ ಎಣ್ಣೆಯನ್ನು ಉಪಯೋಗಿಸುವುದು. ಕಪ್ಲಿಂಗನ್ನು ಕೂಡಿಸುವ ಮುಂಚೆ ಒರೆಸುವುದನ್ನೂ, ಬಿಚ್ಚಿದೊಡನೆ ಮುಚ್ಚಳ ಹಾಕುವುದನ್ನೂ ಕಟ್ಟುನಿಟ್ಟಾಗಿ ಆಚರಿಸುವುದು.

ಹೆಚ್ಚಿನ ಹಿಡಿಕೆಯನ್ನು ಎಲ್ಲರೂ ಹಾಕಿಸಲೇಬೇಕೆಂಬುದು ಈ ಲೇಖಕನ ಅಭಿಪ್ರಾಯವಲ್ಲ. ವರ್ಷದಲ್ಲಿ ನಾಲ್ಕೈದು ದಿನ ಮಾತ್ರ ಗೊಬ್ಬರ ಸಾಗಿಸುವವನು ಟ್ರೇಲರನ್ನು ಚಾಲಕಸಹಿತವಾಗಿ ಬಾಡಿಗೆಗೆ ಪಡೆಯುವುದೇ ಮೇಲು. ಸಲಕರಣೆಯ ಬೆಲೆ, ಕೂಲಿ, ಹೆಚ್ಚುವ ಎಣ್ಣೆ, ಸಾಲದ ಬಡ್ಡಿ ಇವುಗಳನ್ನು ಕೂಡಿಸಿ, ವರ್ಷಕ್ಕೆ ಉಪಯೋಗವಾಗುವ ದಿನಗಳಿಂದ ಭಾಗಿಸಿ ನೋಡಿದರೆ ದಿನವೊಂದಕ್ಕೆ ಬೀಳುವ ಖರ್ಚು ತಿಳಿಯುತ್ತದೆ. ಅದು ಬಾಡಿಗೆಗಿಂತ ಕಡಮೆಯಾದರೆ ಮಾತ್ರ ಕೈಹಾಕಬಹುದು.

ಕೈಹಾಕುವುದೆಂದು ನಿಶ್ಚಯಿಸಿದವರು ಮೆಕ್ಯಾನಿಕ್ಕನು ಒಂದು ತಿರುಪನ್ನು ಸಡಿಲಿಸುವ ಮುಂಚೆಯೇ ಈ ಆರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಪಡೆಯತಕ್ಕದ್ದು. (೧) ನನ್ನ ಪಂಪು ನಿಮಿಷಕ್ಕೆ ಎಷ್ಟು ಎಣ್ಣೆಯನ್ನು, ಎಷ್ಟು ಒತ್ತಡದಲ್ಲಿ ಕೊಡುತ್ತದೆ? (೨) ಈ ವಾಲ್ವು ನನ್ನ ಟ್ರಾಕ್ಟರಿನ ಏರ್ಪಾಡಿಗೆ ಸರಿಯಾದುದೇ? (೩) ಇದರಲ್ಲಿ ಪವರ್ ಬಿಯಾಂಡ್ ದಾರಿ ಇದೆಯೇ, ಹಿಂದಿರುಗುವ ಎಣ್ಣೆಗೆ ಪ್ರತ್ಯೇಕ ಕೊಳವೆ ಉಂಟೇ? (೪) ಇದರದೇ ಆದ ರಿಲೀಫ್ ವಾಲ್ವು ಇದೆಯೇ? (೫) ಜಾಕು ಪೂರ್ಣವಾಗಿ ಚಾಚಿದಾಗ ಗೇರಿನ ಪೆಟ್ಟಿಗೆಯಲ್ಲಿ ಸಾಕಷ್ಟು ಎಣ್ಣೆ ಉಳಿಯುವುದೇ? (೬) ಕೆಲಸ ಮುಗಿದ ಮೇಲೆ ಮಾಪಕವನ್ನು ಹಾಕಿ ತೋರಿಸುವಿರಾ? ಇವುಗಳಿಗೆ ನೆಟ್ಟನೆಯ ಉತ್ತರ ಕೊಡಲಾರದವನ ಕೈಗೆ ಟ್ರಾಕ್ಟರನ್ನು ಒಪ್ಪಿಸಬಾರದು.

ಈ ಲೇಖನವನ್ನು ಓದಬಲ್ಲ ಮಾಲಿಕರೇ ಟ್ರಾಕ್ಟರನ್ನು ನಡೆಸುವವರಲ್ಲ. ಅನೇಕ ಕಡೆ ಅದನ್ನು ನಡೆಸುವವರು ಕೂಲಿಗೆ ಬಂದ ತರುಣರು. ಹಾನಿಯು ಮೊದಲು ತಟ್ಟುವುದು ಅವರಿಗೇ. ಆದ್ದರಿಂದ ಯಜಮಾನರು ಏಳನೆಯ ಭಾಗವನ್ನಾದರೂ ತಮ್ಮ ಚಾಲಕರಿಗೆ ಓದಿ ಹೇಳಿ, ಒಂದು ರಟ್ಟಿನ ತುಂಡನ್ನು ಟ್ರಾಕ್ಟರಿನ ಹತ್ಯಾರಗಳ ಪೆಟ್ಟಿಗೆಯಲ್ಲಿ ಸದಾ ಇರಿಸಬೇಕೆಂದು ವಿನಯಪೂರ್ವಕವಾಗಿ ಕೋರಲಾಗಿದೆ.